ಮಗನನ್ನು ಫಾರ್ವರ್ಡ್‌ನಿಂದ ಡಿಫೆನ್ಸ್‌ಗೆ ಹಾಕಿದ್ದಾರೆ. ಕುಳ್ಳಗಿದ್ದಾನೆ. ಮುಂದೆ ಏನು?

ಕುವೆಂಪುನಗರ_ಅಮ್ಮ:

ಎಲ್ಲರಿಗೂ ನಮಸ್ಕಾರ. ನನಗೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕ್ರಿಕೆಟ್ ಹುಚ್ಚಿನವರು. ಮಗ ಒಬ್ಬನೇ ಬೇರೆ ದಾರಿ ಹಿಡಿದಿದ್ದಾನೆ. ಈಗ ಒಂಬತ್ತನೇ ಕ್ಲಾಸ್. ಇಲ್ಲಿಯವರೆಗೆ ಫಾರ್ವರ್ಡ್ ಆಡುತ್ತಿದ್ದ, ಗೋಲು ಹೊಡೆದರೆ ಮನೆಗೆ ಬಂದು ಅಜ್ಜಿಗೂ ತೋರಿಸುತ್ತಿದ್ದ. ಈ ಬೇಸಿಗೆ ಕ್ಯಾಂಪ್ ಮುಗಿದ ಮೇಲೆ ಕೋಚ್ ಅವನನ್ನು ಹಿಂದಕ್ಕೆ ಹಾಕಿದ್ದಾರೆ. ಸೆಂಟರ್ ಬ್ಯಾಕ್ ಅಂತೆ, ಡಿಫೆನ್ಸ್‌ನ ನಡುವೆ ನಿಲ್ಲುವವನು.

ಹುಡುಗ ಮಂಕಾಗಿದ್ದಾನೆ. "ಡಿಫೆಂಡರ್ ಹೆಸರು ಯಾರಿಗೂ ನೆನಪಿರಲ್ಲ ಅಮ್ಮ, ತಪ್ಪು ಮಾಡಿದಾಗ ಮಾತ್ರ ಎಲ್ಲರೂ ಕೂಗುತ್ತಾರೆ" ಅಂತಾನೆ. ಜೊತೆಗೆ ಅವನು ತಂಡದಲ್ಲಿ ಎಲ್ಲರಿಗಿಂತ ಕುಳ್ಳ. ಎದುರಿನ ಹುಡುಗರು ತಲೆ ಮೇಲಿಂದ ಬಾಲ್ ಹಾಕಿದರೆ ಏನು ಮಾಡಲಿ ಅಂತ ಅವನ ಚಿಂತೆ.

ನಾನು ಕೇಳೋದು ಇಷ್ಟೇ. ಕುಳ್ಳಗಿದ್ದೂ ಡಿಫೆನ್ಸ್‌ನ ನಡುವೆ ಆಡಿ ಹೆಸರು ಮಾಡಿದವರು ಇದ್ದಾರಾ? ಅಂಥ ಒಬ್ಬರ ಆಟದ ಬದುಕು ಶುರುವಿನಿಂದ ಕೊನೆವರೆಗೆ ಹೇಗಿರುತ್ತದೆ? ಸುಮ್ನೆ ಸಮಾಧಾನ ಹೇಳಬೇಡಿ. ಮಗನಿಗೆ ಓದಿ ಹೇಳುತ್ತೇನೆ, ಅವನಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ.

ಕಂಠೀರವ_ಬ್ಲೂ:

ಆಂಟಿ, ಖಂಡಿತ ಇದ್ದಾರೆ. ಫ್ಯಾಬಿಯೋ ಕನ್ನವಾರೋ. ಎತ್ತರ 1.75 ಮೀಟರ್ ಅಷ್ಟೇ. 2006ರಲ್ಲಿ ಇಟಲಿಗೆ ನಾಯಕನಾಗಿ ವರ್ಲ್ಡ್ ಕಪ್ ಗೆದ್ದ, ಅದೇ ವರ್ಷ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ, ಅದನ್ನೂ ಗೆದ್ದ. ಈಗಿನವರಲ್ಲಿ ಅರ್ಜೆಂಟೀನಾದ ಲಿಸಾಂಡ್ರೋ ಮಾರ್ಟಿನೆಜ್. ಅವನೂ ಅಷ್ಟೇ ಎತ್ತರ, 2022ರ ವರ್ಲ್ಡ್ ಕಪ್ ಗೆದ್ದ ತಂಡದಲ್ಲಿದ್ದ.

ಇನ್ನು ಡಿಫೆಂಡರ್ ಹೆಸರು ನೆನಪಿರಲ್ಲ ಅನ್ನೋದಕ್ಕೆ ಒಂದು ಮಾತು. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಗೋವಾ ಮೇಲೆ ನಮ್ಮ ಬೆಂಗಳೂರು ಗೆದ್ದಿದ್ದು ಒಂದೇ ಗೋಲಿನಿಂದ, ಅದೂ ಎಕ್ಸ್‌ಟ್ರಾ ಟೈಮ್‌ನಲ್ಲಿ. ಕಾರ್ನರ್‌ಗೆ ತಲೆ ಕೊಟ್ಟು ಹೊಡೆದವನು ರಾಹುಲ್ ಭೇಕೆ. ಡಿಫೆಂಡರ್! ಅವನ ಹೆಸರು ಮರೆತ ಬ್ಲೂಸ್ ಅಭಿಮಾನಿಯನ್ನು ನಾನಿನ್ನೂ ನೋಡಿಲ್ಲ.

ಹಳೇ_ಸ್ಟಾಪರ್:

ತಾಯಿ, ಮೊದಲು ನಿಮ್ಮ ಹುಡುಗನಿಗೆ ಹೇಳಿ, ಕೋಚ್ ಹಿಂದಕ್ಕೆ ಹಾಕಿದ್ದು ಶಿಕ್ಷೆ ಅಲ್ಲ. ಈ ವಯಸ್ಸಿನ ಹುಡುಗನನ್ನು ನಡುವೆ ನಿಲ್ಲಿಸುತ್ತಾರೆ ಅಂದರೆ ಅವನಿಗೆ ಆಟ ಓದೋಕೆ ಬರುತ್ತದೆ ಅಂತ ಅವರಿಗೆ ಕಂಡಿರಬೇಕು. ತಲೆ ಓಡದವನನ್ನು ವಿಂಗ್‌ನಲ್ಲಿ ಬಿಟ್ಟು "ಓಡು" ಅನ್ನಬಹುದು. ನಡುವೆ ನಿಲ್ಲಿಸೋಕೆ ಆಗಲ್ಲ. ವಿಂಗರ್‌ಗಳು ಬೈಯಬೇಡಿ.

ನಾನು ಬೆಂಗಳೂರಿನಲ್ಲಿ ಒಂದು ಕಾರ್ಖಾನೆ ತಂಡಕ್ಕೆ ಸ್ಟಾಪರ್ ಆಡಿದವನು. ಆಗ ಸೆಂಟರ್ ಬ್ಯಾಕ್ ಅಂತ ಯಾರೂ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಶಿಫ್ಟ್, ಅಶೋಕನಗರದ ಸ್ಟೇಡಿಯಂನಲ್ಲಿ ಲೀಗ್. ನನ್ನ ಆಟ ಹೇಳಿಕೊಳ್ಳುವಂಥದ್ದಲ್ಲ. ನಾನು ಹೇಳಬೇಕು ಅಂದುಕೊಂಡಿರೋದು ಫ್ರಾಂಕೋ ಬರೇಸಿ ವಿಷಯ. ಕನ್ನವಾರೋ ಒಳ್ಳೆಯ ಹೆಸರೇ, ಬೇಡ ಅನ್ನಲ್ಲ. ಆದರೆ ಒಬ್ಬ ಡಿಫೆಂಡರ್‌ನ ಬದುಕಲ್ಲಿ ಏನೇನು ಆಗಬಹುದೋ ಅಷ್ಟೂ ಬರೇಸಿಗೆ ಆಗಿದೆ.

ಹುಟ್ಟಿದ್ದು 1960ರಲ್ಲಿ, ಉತ್ತರ ಇಟಲಿಯ ಟ್ರಾವಲ್ಯಾಟೊ ಅನ್ನೋ ಊರಲ್ಲಿ. ಅಪ್ಪ ಅಮ್ಮ ಇಬ್ಬರೂ ಇವನು ಹುಡುಗನಾಗಿದ್ದಾಗಲೇ ಹೋದರು. ಅಣ್ಣ ಜುಸೆಪ್ಪೆಯನ್ನು ಮಿಲಾನ್ ನಗರದ ಇಂಟರ್ ಕ್ಲಬ್ ತೆಗೆದುಕೊಂಡಿತು. ಇವನೂ ಅಲ್ಲಿಗೇ ಟ್ರಯಲ್ಸ್‌ಗೆ ಹೋದ. ತೀರಾ ಸಣ್ಣ ಹುಡುಗ ಅಂತ ವಾಪಸ್ ಕಳಿಸಿದರು. ಅದೇ ನಗರದ ಇನ್ನೊಂದು ಕ್ಲಬ್, ಎಸಿ ಮಿಲಾನ್, ಸೇರಿಸಿಕೊಂಡಿತು. ಅಲ್ಲೂ ಅವನಿಗೆ ಪುಟ್ಟ ಅಂತಲೇ ಅಡ್ಡಹೆಸರು. ಬೆಳೆದ ಮೇಲೂ 1.76 ಮೀಟರ್ ದಾಟಲಿಲ್ಲ. ನಿಮ್ಮ ಮಗನಿಗೆ ಇದು ಮೊದಲ ಉತ್ತರ.

1978ರಲ್ಲಿ, 17ನೇ ವಯಸ್ಸಿಗೆ, ವೆರೋನಾದಲ್ಲಿ ಮೊದಲ ಲೀಗ್ ಪಂದ್ಯ. ಮರುವರ್ಷವೇ ಮಿಲಾನ್ ಲೀಗ್ ಗೆದ್ದಿತು. ಇಲ್ಲಿಗೆ ಕಥೆ ಸಲೀಸಾಗಿ ಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? 1980ರಲ್ಲಿ ಬೆಟ್ಟಿಂಗ್ ಹಗರಣ. ಮಿಲಾನ್ ತಂಡವನ್ನು ಎರಡನೇ ಡಿವಿಷನ್‌ಗೆ ತಳ್ಳಿದರು. ಇವನದೇನೂ ತಪ್ಪಿಲ್ಲ. ಹೇಗೋ ಮೇಲೆ ಬಂದರು. ಆಮೇಲಿನ ಸೀಸನ್‌ನಲ್ಲಿ ಇವನಿಗೆ ರಕ್ತದ ಸೋಂಕು ತಗುಲಿ ತಿಂಗಳುಗಟ್ಟಲೆ ಮೈದಾನಕ್ಕೆ ಇಳಿಯೋಕೆ ಆಗಲಿಲ್ಲ. ಅದೇ ಸೀಸನ್‌ನಲ್ಲಿ, 1982ರಲ್ಲಿ, ಮಿಲಾನ್ ಮತ್ತೆ ಕೆಳಗೆ ಬಿತ್ತು. ಈ ಸಲ ಹಗರಣ ಅಲ್ಲ, ಆಟದಲ್ಲೇ ಸೋತು. ಆ ಬೇಸಿಗೆ ಇಟಲಿ ವರ್ಲ್ಡ್ ಕಪ್ ಗೆದ್ದಿತು. ಇವನೂ ಆ ತಂಡದಲ್ಲಿದ್ದ, ಆದರೆ ಒಂದು ನಿಮಿಷವೂ ಆಡಲಿಲ್ಲ. ವಾಪಸ್ ಬಂದು ಎರಡನೇ ಡಿವಿಷನ್ ತಂಡಕ್ಕೆ 22ನೇ ವಯಸ್ಸಲ್ಲಿ ಕ್ಯಾಪ್ಟನ್ ಆದ. ದೊಡ್ಡ ಕ್ಲಬ್‌ಗೆ ಹೋಗಬಹುದಿತ್ತು. ಹೋಗಲಿಲ್ಲ.

ಈಗ ಆಟದ ವಿಷಯಕ್ಕೆ ಬರ್ತೀನಿ, ಯಾಕೆಂದರೆ ನಿಮ್ಮ ಮಗನಿಗೆ ಬೇಕಾದದ್ದು ಇಲ್ಲಿದೆ.

ಆಗ ಇಟಲಿಯಲ್ಲಿ ಡಿಫೆನ್ಸ್ ಅಂದರೆ ಮ್ಯಾನ್ ಮಾರ್ಕಿಂಗ್. ಎದುರಾಳಿ ಫಾರ್ವರ್ಡ್ ಎಲ್ಲಿಗೆ ಹೋದರೂ ಅವನ ಮಾರ್ಕರ್ ಹಿಂದೆಯೇ ಹೋಗಬೇಕು. ಎಲ್ಲರ ಹಿಂದೆ ಒಬ್ಬ ಸ್ವೀಪರ್, ಬೇರೆಯವರು ಬಿಟ್ಟಿದ್ದನ್ನು ಗುಡಿಸೋದು ಅವನ ಕೆಲಸ. ಬರೇಸಿ ಬೆಳೆದದ್ದು ಸ್ವೀಪರ್ ಆಗಿ. 1987ರಲ್ಲಿ ಅರೀಗೊ ಸಾಕ್ಕಿ ಕೋಚ್ ಆಗಿ ಬಂದರು. ಸ್ವತಃ ಯಾವತ್ತೂ ಪ್ರೊಫೆಷನಲ್ ಆಗಿ ಆಡಿದವರಲ್ಲ, ಮೊದಲು ಚಪ್ಪಲಿ ಬೂಟು ವ್ಯಾಪಾರದಲ್ಲಿದ್ದವರು. ಅವರು ಬಂದು ಸ್ವೀಪರ್ ಬೇಡವೇ ಬೇಡ ಅಂದರು. ನಾಲ್ಕೂ ಜನ ಒಂದೇ ಗೆರೆಯಲ್ಲಿ, ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ, ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ಯಾರನ್ನೂ ಬೆನ್ನಟ್ಟೋದಿಲ್ಲ. ಮೊದಲು ಬಾಲ್ ಎಲ್ಲಿದೆ ನೋಡು, ಆಮೇಲೆ ಜಾಗ, ಆಮೇಲೆ ಎದುರಾಳಿ, ಆಮೇಲೆ ಪಕ್ಕದವನು.

27 ವರ್ಷದ ಕ್ಯಾಪ್ಟನ್‌ಗೆ ಸಾಕ್ಕಿ ವಿಡಿಯೋ ಟೇಪ್ ಕೊಟ್ಟರು. ನೋಡಿ ಕಲಿ ಅಂತ. ಯಾರ ಟೇಪು? ಸಾಕ್ಕಿಯವರ ಹಳೇ ತಂಡ ಪಾರ್ಮಾದ ಸಿನ್ಯೊರೀನಿ ಅನ್ನೋ ಡಿಫೆಂಡರ್‌ನದು. ಪಾರ್ಮಾ ಆಗ ಕೆಳಗಿನ ಡಿವಿಷನ್ ತಂಡ! ನಮ್ಮಲ್ಲಾಗಿದ್ದರೆ ಟೇಪು ಕೋಚ್ ತಲೆಗೇ ವಾಪಸ್ ಬರುತ್ತಿತ್ತು. ಬರೇಸಿ ನೋಡಿ ಕಲಿತ.

ಸಾಕ್ಕಿ ಮಾಡಿಸುತ್ತಿದ್ದ ಒಂದು ಡ್ರಿಲ್ ಇದೆ. ನಾನು ಹುಡುಗರಿಗೆ ಇವತ್ತಿಗೂ ಚಿಕ್ಕದಾಗಿ ಮಾಡಿಸುತ್ತೇನೆ. ಒಂದು ಕಡೆ ಗೋಲ್‌ಕೀಪರ್ ಗಲ್ಲಿ, ಮುಂದೆ ತಸ್ಸೋಟಿ, ಕೊಸ್ತಾಕೂರ್ತಾ, ಬರೇಸಿ, ಮಾಲ್ಡೀನಿ. ಐದೇ ಜನ. ಇನ್ನೊಂದು ಕಡೆ ಹತ್ತು ಜನ, ಅದರಲ್ಲಿ ಗುಲ್ಲಿಟ್, ವಾನ್ ಬಾಸ್ಟನ್, ರೈಕಾರ್ಡ್. ಹದಿನೈದು ನಿಮಿಷದಲ್ಲಿ ಹತ್ತು ಜನ ಸೇರಿ ಒಂದು ಗೋಲು ಹೊಡೆಯಬೇಕು. ಡಿಫೆನ್ಸ್ ಬಾಲ್ ಕಿತ್ತುಕೊಂಡರೆ ಮತ್ತೆ ಅವರ ಅರ್ಧದಿಂದ ಶುರು ಮಾಡಬೇಕು. ಒಂದು ಸಲವೂ ಗೋಲು ಆಗಲಿಲ್ಲ ಅಂತ ಸಾಕ್ಕಿಯೇ ಆಮೇಲೆ ಹೇಳಿಕೊಂಡಿದ್ದಾರೆ. ಕೋಚ್‌ಗಳು ಸ್ವಲ್ಪ ಉಪ್ಪು ಖಾರ ಹಾಕುತ್ತಾರೆ, ಬಿಡಿ. ಆದರೆ ಆ ತಂಡ 1989 ಮತ್ತು 1990ರಲ್ಲಿ ಸತತ ಎರಡು ಯುರೋಪಿಯನ್ ಕಪ್, ಅಂದರೆ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್, ಗೆದ್ದಿದ್ದು ದಾಖಲೆಯಲ್ಲಿದೆ. 1989ರಲ್ಲಿ ಬ್ಯಾಲನ್ ಡಿ'ಓರ್ ವಾನ್ ಬಾಸ್ಟನ್‌ಗೆ ಹೋಯಿತು, ಎರಡನೇ ಸ್ಥಾನ ಬರೇಸಿಗೆ. ಆಮೇಲೆ ಕಪೆಲ್ಲೋ ಕೋಚ್ ಆಗಿದ್ದಾಗ 58 ಲೀಗ್ ಪಂದ್ಯ ಸೋಲಲೇ ಇಲ್ಲ. 1993-94ರಲ್ಲಿ 34 ಪಂದ್ಯಗಳಲ್ಲಿ ಮಿಲಾನ್ ಹೊಡೆದದ್ದು ಬರೀ 36 ಗೋಲು. ಆದರೂ ಚಾಂಪಿಯನ್. ಯಾಕೆಂದರೆ ಬಿಟ್ಟುಕೊಟ್ಟಿದ್ದು 15.

ತಲೆ ಮೇಲಿಂದ ಬಾಲ್ ಹಾಕಿದರೆ ಏನು ಮಾಡಲಿ ಅಂತ ಮಗ ಕೇಳುತ್ತಾನಲ್ಲ, ಉತ್ತರ ಇಲ್ಲಿದೆ. ಬಾಲ್ ಗಾಳಿಯಲ್ಲಿ ಬಂದಮೇಲೆ ಎತ್ತರ ಬೇಕು. ಆ ಬಾಲ್ ಬರೋಕೆ ಮುಂಚೆಯೇ ಎರಡು ಹೆಜ್ಜೆ ಸರಿದರೆ ಎತ್ತರದ ಕೆಲಸ ಅರ್ಧ ಮುಗಿಯಿತು. ಬಾಲ್ ಇರುವವನ ಮೇಲೆ ನಮ್ಮವರ ಒತ್ತಡ ಇದ್ದರೆ ಗೆರೆ ಮುಂದೆ ಹೋಗಬೇಕು. ಅವನು ಆರಾಮಾಗಿ ತಲೆ ಎತ್ತಿ ನೋಡುತ್ತಿದ್ದರೆ ತಕ್ಷಣ ಹಿಂದೆ. ಬರೇಸಿ ಇದನ್ನು ಎಲ್ಲರಿಗಿಂತ ಅರ್ಧ ಸೆಕೆಂಡ್ ಮೊದಲು ಓದುತ್ತಿದ್ದ. ಅದಕ್ಕೇ ಅವನ ಬಟ್ಟೆಗೆ ಮಣ್ಣು ಕಡಿಮೆ. ನಮ್ಮ ಕಾಲದಲ್ಲಿ ಸ್ಟಾಪರ್ ಅಂದರೆ ಮೈಯೆಲ್ಲ ಮಣ್ಣಾಗಿರಬೇಕು, ಆಗಲೇ ಜನ ಚಪ್ಪಾಳೆ ತಟ್ಟೋದು.

ಇನ್ನು 1994. ಇದನ್ನು ಪೂರ್ತಿ ಹೇಳದೆ ಬಿಡಲ್ಲ.

ಆ ವರ್ಷ ಅಮೆರಿಕದಲ್ಲಿ ವರ್ಲ್ಡ್ ಕಪ್. ಇಟಲಿಗೆ ಸಾಕ್ಕಿಯೇ ಕೋಚ್, ಬರೇಸಿ ಕ್ಯಾಪ್ಟನ್, ವಯಸ್ಸು 34. ಎರಡನೇ ಪಂದ್ಯ ನಾರ್ವೆ ಮೇಲೆ. ಗೋಲ್‌ಕೀಪರ್ ಪಲ್ಯೂಕಾಗೆ ರೆಡ್ ಕಾರ್ಡ್. ಹತ್ತೇ ಜನ ಆಡುತ್ತಿದ್ದಾಗ ಬರೇಸಿ ಮೊಣಕಾಲು ಹಿಡಿದು ಕೂತ. ಮೊಣಕಾಲಿನ ಮೆನಿಸ್ಕಸ್, ಅಂದರೆ ಒಳಗಿನ ಮೆತ್ತೆಯಂಥ ಭಾಗ, ಹರಿದಿತ್ತು. ಅಲ್ಲೇ ಅಮೆರಿಕದಲ್ಲಿ ಆಪರೇಷನ್ ಆಯಿತು. ಎಲ್ಲರೂ ಇವನ ಕಥೆ ಮುಗೀತು ಅಂದುಕೊಂಡರು. ಅದು ಜೂನ್ 23. ಜುಲೈ 17ಕ್ಕೆ ಪಸಡೀನಾದಲ್ಲಿ ಫೈನಲ್, ಎದುರಿಗೆ ಬ್ರೆಜಿಲ್. ಕೊಸ್ತಾಕೂರ್ತಾ ಕಾರ್ಡ್‌ಗಳಿಂದ ಹೊರಗೆ. ತಸ್ಸೋಟಿ ಮೊಣಕೈ ಬೀಸಿ ಎಂಟು ಪಂದ್ಯ ನಿಷೇಧ. ಬರೇಸಿ ಇಳಿದ. ಆಪರೇಷನ್ ಆದ ಒಂದು ತಿಂಗಳೊಳಗೆ!

ನಮಗೆ ಅದು ರಾತ್ರಿ ಒಂದು ಗಂಟೆ. ದೂರದರ್ಶನದಲ್ಲಿ ಬಂತು. ನಾನು ಮಾರನೇ ದಿನ ಮೊದಲ ಶಿಫ್ಟ್ ಇಟ್ಟುಕೊಂಡೇ ನೋಡಿದೆ. ಎದುರಿಗೆ ರೊಮಾರಿಯೋ, ಬೆಬೆಟೊ. ಆ ಟೂರ್ನಿಯಲ್ಲಿ ಅವರನ್ನು ಯಾರೂ ಹಿಡಿದಿರಲಿಲ್ಲ. ಬರೇಸಿ, ಮಾಲ್ಡೀನಿ ನಡುವೆ. ಅಲ್ಲಿ ಮಧ್ಯಾಹ್ನದ ಸುಡುಬಿಸಿಲು. 90 ನಿಮಿಷ, ಆಮೇಲೆ ಇನ್ನೂ 30. ಗೋಲು ಆಗಲೇ ಇಲ್ಲ. ಕಾಲು ಹಿಡಿದುಕೊಂಡು ನೆಲದ ಮೇಲೆ ಬಿದ್ದ, ಮತ್ತೆ ಎದ್ದ. ಕ್ರಾಸ್ ಬಂದಲ್ಲೆಲ್ಲ ಇವನೇ ಮೊದಲು. ವರ್ಲ್ಡ್ ಕಪ್ ಫೈನಲ್‌ನಲ್ಲಿ ಒಬ್ಬ ಡಿಫೆಂಡರ್ ಅದಕ್ಕಿಂತ ಚೆನ್ನಾಗಿ ಆಡಿದ್ದನ್ನು ನಾನು ನೋಡಿಲ್ಲ. ಯಾರು ಏನೇ ಅನ್ನಲಿ, ಈ ಮಾತಿಂದ ನಾನು ಹಿಂದೆ ಸರಿಯಲ್ಲ.

ಆಮೇಲೆ ಪೆನಾಲ್ಟಿ. ಇಟಲಿಗೆ ಮೊದಲು ಒದ್ದವನು ಬರೇಸಿ. ಬಾರ್ ಮೇಲಿಂದ ಹೋಯಿತು. ಮೊಣಕಾಲ ಮೇಲೆ ಕೂತುಬಿಟ್ಟ. ಕೊನೆಗೆ ರಾಬರ್ಟೊ ಬಾಜಿಯೋ ಕೂಡ ಮೇಲಕ್ಕೆ ಹೊಡೆದು ಬ್ರೆಜಿಲ್ ಗೆದ್ದಿತು. ಇವತ್ತಿಗೂ ಎಲ್ಲರ ಬಾಯಲ್ಲಿ ಬಾಜಿಯೋ ಪೆನಾಲ್ಟಿಯೇ. ಬರೇಸಿ ತಪ್ಪಿದ್ದನ್ನೂ ಜನ ಮರೆತರು, 120 ನಿಮಿಷ ಆಡಿದ್ದನ್ನೂ ಮರೆತರು. ಆ ವಿಷಯದಲ್ಲಿ ನಿಮ್ಮ ಮಗ ಹೇಳೋದು ಪೂರ್ತಿ ಸುಳ್ಳಲ್ಲ. ಒಪ್ಪಿಕೊಳ್ಳೋಣ.

1997ರಲ್ಲಿ ನಿಲ್ಲಿಸಿದ. ಕೊನೆಯ ಸೀಸನ್ ಚೆನ್ನಾಗಿರಲಿಲ್ಲ, ಮಿಲಾನ್ 11ನೇ ಸ್ಥಾನಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ ಒಂದೇ ಕ್ಲಬ್‌ಗೆ 20 ಸೀಸನ್, 719 ಪಂದ್ಯ, ಆರು ಲೀಗ್, ಮೂರು ಯುರೋಪಿಯನ್ ಕಪ್, ಇಟಲಿಗೆ 81 ಪಂದ್ಯ. ಆ ಮೂರರಲ್ಲಿ ಕೊನೆಯ ಕಪ್‌ನ ಫೈನಲ್ ಮಾತ್ರ ಸಸ್ಪೆಂಡ್ ಆಗಿ ಹೊರಗೆ ಕೂತು ನೋಡಿದ. ಅವನ 6ನೇ ನಂಬರ್ ಅಂಗಿಯನ್ನು ಮಿಲಾನ್ ಇನ್ಯಾರಿಗೂ ಕೊಡಲ್ಲ ಅಂದಿತು.

ಕಂಠೀರವ_ಬ್ಲೂ:

ಅಂಕಲ್, ಓದೋಕೆ ಮಜಾ ಬಂತು. ಆದರೆ ಆಂಟಿಗೆ ಒಂದು ಎಚ್ಚರಿಕೆ ಹೇಳಬೇಕು. ಬರೇಸಿ ಕಾಲ ಬೇರೆ, ಈಗಿನದು ಬೇರೆ.

ತನ್ನವರು ಬಾಲ್ ಮುಂದಕ್ಕೆ ಕೊಡುವಾಗ ಫಾರ್ವರ್ಡ್ ಡಿಫೆಂಡರ್‌ಗಳ ಗೆರೆ ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಆಫ್‌ಸೈಡ್, ಆ ದಾಳಿ ಲೆಕ್ಕಕ್ಕಿಲ್ಲ. 1990ಕ್ಕೆ ಮುಂಚೆ ಡಿಫೆಂಡರ್‌ಗೆ ಸರಿಸಮ ನಿಂತರೂ ಆಫ್‌ಸೈಡ್. ಆಮೇಲೆ ಸಮ ಇದ್ದರೆ ಆನ್‌ಸೈಡ್ ಆಯಿತು. 1992ರಿಂದ ತನ್ನವರೇ ಕಾಲಿಂದ ಹಿಂದಕ್ಕೆ ಬ್ಯಾಕ್‌ಪಾಸ್ ಕೊಟ್ಟರೆ ಗೋಲ್‌ಕೀಪರ್ ಕೈಯಲ್ಲಿ ಹಿಡಿಯೋ ಹಾಗಿಲ್ಲ. ಈಗ ವಿಎಆರ್, ಅಂದರೆ ವಿಡಿಯೋ ನೋಡಿ ತೀರ್ಪು ಹೇಳೋ ರೆಫರಿಗಳು, ಗೆರೆ ಎಳೆದು ಭುಜ ಮೊಣಕಾಲು ಅಳೆಯುತ್ತಾರೆ. ಬಾಲ್‌ಗೆ ಸಂಬಂಧ ಇಲ್ಲದೆ ಸುಮ್ನೆ ನಿಂತವನು ಆಫ್‌ಸೈಡ್ ಜಾಗದಲ್ಲಿದ್ದರೂ ತಪ್ಪಲ್ಲ. ನಾಲ್ಕು ಜನ ಮುಂದೆ ಹೋಗಿ ಆಫ್‌ಸೈಡ್ ಅಂತ ಕೈ ಎತ್ತಿ ನಿಂತರೆ ಇವತ್ತು ಗೋಲೇ.

ಒಂದೇ ಕ್ಲಬ್‌ಗೆ 20 ವರ್ಷ ಅನ್ನೋದೂ ಈಗ ಕನಸು. ನಮ್ಮ ಭಾರತ ತಂಡದ ಡಿಫೆಂಡರ್ ಸಂದೇಶ್ ಝಿಂಗನ್ ನೋಡಿ. ಚಂಡೀಗಢದ ಹುಡುಗ. ಯುನೈಟೆಡ್ ಸಿಕ್ಕಿಂ, ಕೇರಳ ಬ್ಲಾಸ್ಟರ್ಸ್, ಎಟಿಕೆ ಮೋಹನ್ ಬಗಾನ್, ಕ್ರೊಯೇಷಿಯಾದ ಶಿಬೆನಿಕ್, ನಮ್ಮ ಬೆಂಗಳೂರು, ಆಮೇಲೆ ಗೋವಾ. ಮೊಣಕಾಲಿನ ಗಾಯದಿಂದ 2019-20 ಸೀಸನ್ ಪೂರ್ತಿ ಹೋಯಿತು. ಶಿಬೆನಿಕ್‌ನಲ್ಲಿ ಗಾಯವಾಗಿ ಒಂದು ಪಂದ್ಯವೂ ಆಡೋಕೆ ಆಗಲಿಲ್ಲ. 2024ರ ಏಷ್ಯನ್ ಕಪ್‌ನಲ್ಲಿ ಸಿರಿಯಾ ಮೇಲೆ ಮತ್ತೆ ಗಾಯ. ಭಾರತದಲ್ಲಿ ಡಿಫೆಂಡರ್ ಬದುಕು ಅಂದರೆ ಇದು. ಹುಡುಗನಿಗೆ ಇದನ್ನೂ ಹೇಳಬೇಕಲ್ವಾ?

ಹಳೇ_ಸ್ಟಾಪರ್:

ಬ್ಲೂ ತಮ್ಮಾ, ನೀನು ಹೇಳಿದ ರೂಲ್ಸ್ ಎಲ್ಲ ಸರಿ. ಆದರೆ ಆ ಎರಡು ರೂಲ್ ಬದಲಾದ ಮೇಲೂ ಬರೇಸಿ ಆಡಿದ್ದಾನೆ. 15 ಗೋಲು ಬಿಟ್ಟ ಸೀಸನ್ ಬಂದದ್ದು ಆಮೇಲೆಯೇ. ಕೈ ಎತ್ತೋದನ್ನು ಕಲಿಯಬೇಡ ಅಂತ ನಾನೂ ಹುಡುಗರಿಗೆ ಬೈಯುತ್ತೇನೆ. ಬರೇಸಿ ಆಟ ನೋಡಿ ನಮ್ಮ ಮೈದಾನಗಳಲ್ಲಿ ಎಷ್ಟೋ ಸ್ಟಾಪರ್‌ಗಳು ಕಲಿತದ್ದು ಅದೊಂದೇ. ಲೈನ್ಸ್‌ಮನ್ ಕಡೆ ಕೈ ತೋರಿಸಿ ನಿಂತುಬಿಡೋದು, ಅಷ್ಟರಲ್ಲಿ ಗೋಲು. ಅವನು ಕೈ ಎತ್ತಿಕೊಂಡೇ ಹಿಂದೆ ಓಡುತ್ತಿದ್ದ. ಓಡೋದನ್ನು ಯಾರೂ ನೋಡಲಿಲ್ಲ.

ಬ್ಯಾಕ್‌ಪಾಸ್ ರೂಲ್‌ನಿಂದ ಕುಳ್ಳ ಡಿಫೆಂಡರ್‌ಗೆ ಲಾಭವೇ ಜಾಸ್ತಿ ಅಂತ ನನ್ನ ಲೆಕ್ಕ. ಮುಂಚೆ ಕಷ್ಟ ಬಂದರೆ ಕೀಪರ್‌ಗೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಈಗ ಹಿಂದೆ ನಿಂತವನಿಗೆ ಕಾಲಲ್ಲಿ ಆಟ ಇರಲೇಬೇಕು. ಈ ಹುಡುಗ ಫಾರ್ವರ್ಡ್ ಆಗಿ ಬೆಳೆದವನು, ಕಾಲು ಚೆನ್ನಾಗಿಯೇ ಇರುತ್ತದೆ. ಬರೇಸಿಯೂ ಬಾಲ್ ತೆಗೆದುಕೊಂಡು ಮುಂದೆ ನುಗ್ಗುತ್ತಿದ್ದ. 1989-90ರ ಇಟಾಲಿಯನ್ ಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಯಾರು ಅಂತ ಹುಡುಕಿ ನೋಡು.

ಫಾರ್ವರ್ಡ್ ಆಡಿದ ಅನುಭವ ವ್ಯರ್ಥ ಆಗಲ್ಲ ಅನ್ನೋದಕ್ಕೆ ನಮ್ಮಲ್ಲೇ ಇನ್ನೂ ದೊಡ್ಡ ಕಥೆ ಇದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದ ತಂಡ. ಸ್ಟಾಪರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಹಿಂದೆ ನಿಲ್ಲಿಸಿದರೆ ಹೆಡರ್‌ಗೆ ಕಷ್ಟ ಅಂತ ಕೋಚ್ ರಹೀಮ್ ಸಾಹೇಬರು ಅವನನ್ನು ಫಾರ್ವರ್ಡ್ ಆಗಿ ಇಳಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೆ 2-1. ಒಂದು ಗೋಲು ಪಿ.ಕೆ. ಬ್ಯಾನರ್ಜಿ, ಇನ್ನೊಂದು ಜರ್ನೈಲ್.

ಝಿಂಗನ್ ವಿಷಯ ನೀನು ಹೇಳಿದ್ದು ನ್ಯಾಯ. ಗಾಯದ ಮಾತು ಮುಚ್ಚಿಡಬಾರದು. ತಾಯಿ, ಅದಕ್ಕೇ ಹೇಳ್ತೀನಿ, ಓದು ಬಿಡಿಸಬೇಡಿ. ನಮ್ಮ ಕಾಲದಲ್ಲಿ ಆಟ ಚೆನ್ನಾಗಿದ್ದರೆ ಕಾರ್ಖಾನೆಯಲ್ಲಿ ಖಾಯಂ ಕೆಲಸ ಸಿಗುತ್ತಿತ್ತು. ಐಟಿಐ, ಎಚ್‌ಎಎಲ್ ಅಂಥ ತಂಡಗಳಿದ್ದವು. ಕಾಲು ಮುರಿದರೂ ಮನೆ ನಡೆಯುತ್ತಿತ್ತು. ಈಗ ಕ್ಲಬ್‌ನ ಕಾಂಟ್ರ್ಯಾಕ್ಟ್ ಇರೋವರೆಗೆ ಸಂಬಳ. ದುಡ್ಡು ಜಾಸ್ತಿ, ಭದ್ರತೆ ಕಡಿಮೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಎಲ್ಲ ಮುಗಿಸಲಿ. ಯೂನಿವರ್ಸಿಟಿ ತಂಡಕ್ಕೆ ಆಡೋಕೂ ಅದೇ ದಾರಿ.

ಕುವೆಂಪುನಗರ_ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಊಟ ಆದ ಮೇಲೆ ಎಲ್ಲ ಓದಿ ಹೇಳಿದೆ. ಜರ್ನೈಲ್ ಸಿಂಗ್ ಕಥೆ ಅವನಿಗೆ ಭಾರೀ ಹಿಡಿಸಿತು. "ಹಾಗಾದರೆ ಫೈನಲ್‌ನಲ್ಲಿ ನನ್ನನ್ನೂ ಮುಂದೆ ಬಿಡಬೇಕು" ಅಂತ ಶುರು ಮಾಡಿದ್ದಾನೆ. ಆಮೇಲೆ ಕೂತು 1994ರ ಪಂದ್ಯದ ಮೊದಲರ್ಧ ನೋಡಿದ. ಅಣ್ಣಾ, ಅವನದೊಂದು ಪ್ರಶ್ನೆ ಇದೆ, ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಬ್ರೆಜಿಲ್‌ನವರು ಬಾಲನ್ನು ತಮ್ಮ ಕಡೆಗೇ ಹಿಂದಕ್ಕೆ ಒದ್ದಾಗ ಅಪಾಯ ಇಲ್ಲ ಅಲ್ವಾ, ಆಗಲೂ 6ನೇ ನಂಬರ್‌ನವನು ಯಾಕೆ ಕೂಗಿ ಎಲ್ಲರನ್ನೂ ಮುಂದೆ ಓಡಿಸುತ್ತಾನೆ? ಆರಾಮಾಗಿ ನಿಲ್ಲಬಹುದಲ್ಲ?

ಹಳೇ_ಸ್ಟಾಪರ್:

ಮೊದಲ ದಿನವೇ ಇದನ್ನು ಗಮನಿಸಿದ್ದಾನಾ? ಹಾಗಿದ್ದರೆ ಕೋಚ್ ಸರಿಯಾಗಿಯೇ ನೋಡಿದ್ದಾರೆ ಬಿಡಿ.

ಹೇಳಿ ಅವನಿಗೆ. ಬಾಲ್ ಹಿಂದಕ್ಕೆ ಹೋಗುತ್ತಿರುವಾಗ ಯಾರೂ ಅದನ್ನು ಮುಂದಕ್ಕೆ ಉದ್ದ ಒದೆಯೋಕೆ ಆಗಲ್ಲ. ಅದು ತಲುಪಬೇಕು, ತಲುಪಿದವನು ತಡೆಯಬೇಕು, ತಲೆ ಎತ್ತಬೇಕು. ಆ ಎರಡು ಮೂರು ಸೆಕೆಂಡ್ ಡಿಫೆನ್ಸ್‌ಗೆ ಬಿಟ್ಟಿ ಸಿಕ್ಕಿದ್ದು. ಆಗ ನಾಲ್ಕೂ ಜನ ಐದಾರು ಗಜ ಮುಂದೆ ಹೋದರೆ ರೊಮಾರಿಯೋ ಕೂಡ ಆಫ್‌ಸೈಡ್ ಭಯಕ್ಕೆ ನಮ್ಮ ಗೋಲಿನಿಂದ ಐದಾರು ಗಜ ದೂರ ಹೋಗಬೇಕು. ನಮ್ಮ ಮಿಡ್‌ಫೀಲ್ಡ್‌ಗೂ ನಮಗೂ ನಡುವೆ ಇರೋ ಖಾಲಿ ಜಾಗವೂ ಮುಚ್ಚಿತು. ಆಮೇಲೆ ಬ್ರೆಜಿಲ್‌ನ ಡುಂಗಾ ತಲೆ ಎತ್ತಿದ ತಕ್ಷಣ ಮತ್ತೆ ಹಿಂದೆ. ಆರಾಮಾಗಿ ನಿಂತರೆ ಪ್ರತಿ ಸಲ ಐದು ಗಜ ಸಾಲ ಆಗುತ್ತದೆ. ಕೂಗೋದೂ ಕಲಿಯಲಿ. ಕುಳ್ಳನಿಗೆ ಗಂಟಲು ದೊಡ್ಡದಿರಬೇಕು.

ಮುಂದೆ ಏನು ನೋಡಲಿ ಅಂತ ಕೇಳಿದರೆ, 1989ರ ಬಾರ್ಸಿಲೋನಾ ಫೈನಲ್ ಈಗಲೇ ಬೇಡ. ರೊಮೇನಿಯಾದ ಸ್ಟೆವಾ ಕ್ಲಬ್ ಮೇಲೆ 4-0, ಗೋಲುಗಳೇ ಕಣ್ಣಿಗೆ ಕಾಣುತ್ತವೆ. 1990ರ ವಿಯೆನ್ನಾ ಫೈನಲ್ ಹಾಕಿಕೊಡಿ. ಪೋರ್ಚುಗಲ್‌ನ ಬೆನ್ಫಿಕಾ ಮೇಲೆ 1-0, ರೈಕಾರ್ಡ್ ಹೊಡೆದದ್ದು. ಗೋಲು ಹೊಡೆದ ಮೇಲೂ ಇನ್ನೂ ಇಪ್ಪತ್ತು ನಿಮಿಷದ ಮೇಲೆ ಆಟ ಬಾಕಿ ಇರುತ್ತದೆ. ಅಷ್ಟು ಹೊತ್ತು ಬಾಲ್ ನೋಡೋದು ಬೇಡ, ಬರೇಸಿಯನ್ನು ಮಾತ್ರ ನೋಡಲಿ. ಬಾಲ್ ಅವನ ಹತ್ತಿರ ಇಲ್ಲದಾಗ ಅವನು ಯಾವ ಕಡೆ ನೋಡುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆದಿಡಲಿ. ಆಮೇಲೆ ಇಲ್ಲೇ ಹಾಕಿ, ನೋಡ್ತೀನಿ.